ಮರುನಿರ್ದೇಶನ: ಜಾಲಪುಟದ ವಿಳಾಸ ಬದಲಾದಾಗ ಶೋಧಸ್ಥಾನದ ರಕ್ಷಣೆ

ಜಾಲತಾಣದ ಪುಟವೊಂದು ತನ್ನ ಹಳೆಯ ವಿಳಾಸವನ್ನು ಬಿಟ್ಟು ಹೊಸ ವಿಳಾಸಕ್ಕೆ ಹೋದಾಗ, ಹಳೆಯದನ್ನೇ ಹಿಡಿದು ಬಂದ ಓದುಗರನ್ನೂ ಶೋಧಯಂತ್ರಗಳನ್ನೂ ಹೊಸದರತ್ತ ತಾನಾಗಿಯೇ ಕಳುಹಿಸುವಂತೆ ಸರ್ವರ್‌ನಲ್ಲಿ ಮಾಡಿಡುವ ಏರ್ಪಾಡಿಗೆ ಮರುನಿರ್ದೇಶನ ಎಂದು ಹೆಸರು. ತಂತ್ರಜ್ಞರ ಮಾತಿನಲ್ಲಿ ಇದು ರೀಡೈರೆಕ್ಟ್. ಕನ್ನಡ ವಿಕಿಪೀಡಿಯದಲ್ಲಿ ಪುನರ್ನಿರ್ದೇಶನ ಎಂಬ ರೂಪವೂ ರೂಢಿಯಲ್ಲಿದೆ. ತಾಣದ ಹೆಸರು ಬದಲಾಗುವುದು, ಎರಡು ತಾಣಗಳು ಒಂದಾಗುವುದು, ಪುಟಗಳನ್ನು ನಿರ್ವಹಿಸುವ ತಂತ್ರಾಂಶ ಬದಲಾಗುವುದು, ತಾಣವನ್ನು ಭದ್ರ ಸಂಪರ್ಕಕ್ಕೆ ಸಾಗಿಸುವುದು, ಊರಿನ ಹೆಸರಿನ ಕಾಗುಣಿತವೇ ಸರ್ಕಾರದ ಆದೇಶದಿಂದ ಬದಲಾಗುವುದು, ಹೀಗೆ ವಿಳಾಸ ಬದಲಾಗಲು ಕಾರಣಗಳು ಹಲವು. ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಗಳಿಸಿದ ಶೋಧಸ್ಥಾನ, ಎಂದರೆ ಗೂಗಲ್, ಬಿಂಗ್ ಮುಂತಾದ ಶೋಧಯಂತ್ರಗಳ ಫಲಿತಾಂಶಪಟ್ಟಿಯಲ್ಲಿ ಆ ಪುಟಕ್ಕೆ ದೊರೆತಿರುವ ಎಡೆ, ಹೊಸ ವಿಳಾಸಕ್ಕೆ ದಾಟುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಏರ್ಪಾಡು ಎಷ್ಟು ಎಚ್ಚರದಿಂದ ಆಗಿದೆ ಎಂಬುದನ್ನು ಅವಲಂಬಿಸಿರುತ್ತದೆ.

ವಿಳಾಸಕ್ಕೆ ಸೇರಿದ ಮನ್ನಣೆ

ಪುಟದ ಬರಹ ಒಂದಕ್ಷರವೂ ಬದಲಾಗದೆ ವಿಳಾಸ ಮಾತ್ರ ಬದಲಾದರೆ ಸ್ಥಾನ ಏಕೆ ಕುಸಿಯಬೇಕು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಶೋಧಯಂತ್ರಗಳು ಪುಟಗಳನ್ನು ತೂಗುವ ಬಗೆಯಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರವನ್ನು ವಿವರಿಸಿದರು. ಅದರ ಪ್ರಕಾರ ಒಂದು ಪುಟದ ತೂಕವು ಅದಕ್ಕೆ ಕೊಂಡಿ ಕೊಟ್ಟಿರುವ ಇತರ ಪುಟಗಳ ತೂಕದಿಂದ ಒದಗುತ್ತದೆ, ಮತ್ತು ಪ್ರತಿ ಕೊಂಡಿಯನ್ನು ದಾಟುವಾಗ ಆ ತೂಕ ಒಂದು ನಿಗದಿತ ಪ್ರಮಾಣದಲ್ಲಿ ಇಳಿಯುತ್ತದೆ. ಆ ಪ್ರಬಂಧದಲ್ಲಿ ಬಳಸಿದ ಗುಣಾಂಕ 0.85. ಅನಂತರದ ವರ್ಷಗಳಲ್ಲಿ ಶೋಧಯಂತ್ರಗಳು ನೂರಾರು ಬಗೆಯ ಸುಳಿವುಗಳನ್ನು ಸೇರಿಸಿಕೊಂಡಿವೆಯಾದರೂ ಕೊಂಡಿಯ ಮಹತ್ವ ಅಳಿದಿಲ್ಲ. ಕೊಂಡಿಯೆಂಬುದು ಪುಟದ ಬರಹವನ್ನು ತನ್ನೊಳಗೆ ಹೊತ್ತುಕೊಂಡಿರುವುದಿಲ್ಲ, ಅದರಲ್ಲಿರುವುದು ವಿಳಾಸವೊಂದೇ. ಆದಕಾರಣ ಹೊರಗಿನವರು ಕೊಟ್ಟ ಮನ್ನಣೆಯೆಲ್ಲ ಆ ಅಕ್ಷರಮಾಲೆಯ ಖಾತೆಗೆ ಜಮೆಯಾಗಿರುತ್ತದೆ. ವಿಳಾಸವನ್ನು ಬದಲಿಸಿ ಸುಮ್ಮನಾದರೆ ಹಳೆಯದಕ್ಕೆ ಬಂದವರಿಗೆ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಉತ್ತರ ಹೋಗುತ್ತದೆ. ಕ್ರಾಲರ್, ಅಂದರೆ ಶೋಧಯಂತ್ರದ ಪರವಾಗಿ ಜಾಲವನ್ನು ಸುತ್ತಿ ಪುಟಗಳನ್ನು ಓದುವ ತಂತ್ರಾಂಶ, ಮತ್ತೆ ಮತ್ತೆ ಅದೇ ಉತ್ತರವನ್ನು ಕಂಡು ಪುಟವನ್ನು ಸೂಚಿಯಿಂದ, ಅಂದರೆ ಶೋಧಯಂತ್ರ ಬಲ್ಲ ಪುಟಗಳ ಪಟ್ಟಿಯಿಂದ, ಕೈಬಿಡುವಂತಾಗುತ್ತದೆ. ಹೊಸ ವಿಳಾಸವಾದರೋ ಯಾರ ಪರಿಚಯವೂ ಇಲ್ಲದೆ ಬರಿಗೈಯಲ್ಲಿ ನಿಂತಿರುತ್ತದೆ.

ಈ ಮನ್ನಣೆಯನ್ನು ಕೊಟ್ಟವರು ತಾಣದ ಒಡೆಯರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಠ್ಯಕ್ರಮದ ಪಟ್ಟಿಯಲ್ಲಿ ಕೊಂಡಿ ಸೇರಿಸಿದ ಅಧ್ಯಾಪಕರು, ವಿಕಿಪೀಡಿಯದ ಅಡಿಟಿಪ್ಪಣಿಯಲ್ಲಿ ಆಧಾರವಾಗಿ ಬಳಸಿದ ಸಂಪಾದಕರು, ನ್ಯಾಯಾಲಯದ ತೀರ್ಪಿನಲ್ಲಿ ಉಲ್ಲೇಖಿಸಿದ ನ್ಯಾಯಮೂರ್ತಿಗಳು ಇವರೆಲ್ಲ ಆ ವಿಳಾಸವನ್ನು ನಂಬಿ ಬರೆದವರು, ಮತ್ತು ಅವರಲ್ಲಿ ಪ್ರತಿಯೊಬ್ಬರನ್ನೂ ಹುಡುಕಿ ಕೊಂಡಿ ತಿದ್ದಿಸುವುದು ಯಾರಿಂದಲೂ ಆಗದ ಕೆಲಸ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಜಿಟ್ರೇನ್, ಕೆಂಡ್ರಾ ಆಲ್ಬರ್ಟ್ ಮತ್ತು ಲಾರೆನ್ಸ್ ಲೆಸ್ಸಿಗ್ ನಡೆಸಿದ ಅಧ್ಯಯನದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿರುವ ಜಾಲವಿಳಾಸಗಳ ಪೈಕಿ ಸುಮಾರು ಅರ್ಧದಷ್ಟು ಮೊದಲು ಉದ್ದೇಶಿಸಿದ್ದ ಮಾಹಿತಿಗೆ ಕರೆದೊಯ್ಯುತ್ತಿಲ್ಲ ಎಂಬುದು ಬೆಳಕಿಗೆ ಬಂತು. ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ವರದಿಯಂತೆ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ದೊರೆಯದಾಗಿದ್ದವು. ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಒಂದು ಕಿರುಲೇಖನ ಬರೆದು, ವಿಳಾಸಗಳು ಬದಲಾಗುವುದಕ್ಕೆ ತಂತ್ರಜ್ಞಾನ ಕಾರಣವಲ್ಲವೆಂದೂ ಅವುಗಳನ್ನು ಬದಲಿಸುವವರು ಮನುಷ್ಯರೆಂದೂ, ಲೇಖಕರ ಹೆಸರು, ವಿಷಯವಿಭಾಗ, ಕಡತದ ಬಗೆ ಮುಂತಾಗಿ ಮುಂದೆ ಬದಲಾಗಬಹುದಾದ ಯಾವುದನ್ನೂ ವಿಳಾಸದೊಳಗೆ ಸೇರಿಸಬಾರದೆಂದೂ ವಾದಿಸಿದ್ದರು. ಆ ಎಚ್ಚರಿಕೆ ಪಾಲನೆಯಾಗದ ಕಡೆಯಲ್ಲೆಲ್ಲ ಮರುನಿರ್ದೇಶನದ ಅಗತ್ಯ ಎದುರಾಗುತ್ತದೆ.

ಸ್ಥಿತಿಸಂಕೇತಗಳು

ಬ್ರೌಸರ್ ಅಥವಾ ಕ್ರಾಲರ್ ಒಂದು ವಿಳಾಸವನ್ನು ಕೇಳಿದಾಗ ಸರ್ವರ್ ಪುಟವನ್ನು ಕಳುಹಿಸುವುದಕ್ಕೆ ಮೊದಲು ಮೂರಂಕಿಯ ಸಂಖ್ಯೆಯೊಂದನ್ನು ಹೇಳುತ್ತದೆ. ಇದಕ್ಕೆ ಸ್ಥಿತಿಸಂಕೇತವೆಂದು ಹೆಸರು. 200 ಎಂದರೆ ಕೇಳಿದ್ದು ಇಲ್ಲಿದೆ ಎಂದರ್ಥ. 3ರಿಂದ ಆರಂಭವಾಗುವ ಸಂಕೇತಗಳಲ್ಲಿ ಹೆಚ್ಚಿನವು ಕೇಳಿದ್ದು ಬೇರೆಡೆ ಇದೆ ಎಂದು ತಿಳಿಸುತ್ತವೆ, ಮತ್ತು ಆ ಬೇರೆಡೆ ಯಾವುದೆಂಬುದನ್ನು ‘ಲೊಕೇಶನ್’ ಎಂಬ ಸಾಲಿನಲ್ಲಿ ಬರೆದು ಜೊತೆಗೆ ಕಳುಹಿಸಲಾಗುತ್ತದೆ. ಮೇ 1996ರಲ್ಲಿ ದಾಖಲೆಗೊಂಡ ಎಚ್‌ಟಿಟಿಪಿ ಸಂವಹನ ನಿಯಮಾವಳಿಯ 1.0 ಆವೃತ್ತಿಯಲ್ಲಿಯೇ 301 ಶಾಶ್ವತ ಸ್ಥಳಾಂತರವನ್ನೂ 302 ತಾತ್ಕಾಲಿಕ ಸ್ಥಳಾಂತರವನ್ನೂ ಸೂಚಿಸುತ್ತಿದ್ದವು. ಅರ್ಜಿ ನಮೂನೆಯೊಂದನ್ನು ತುಂಬಿ ಕಳುಹಿಸಿದಾಗ ಇವೆರಡರಲ್ಲಿಯೂ ಒಂದು ತೊಡಕು ಉಂಟಾಗುತ್ತಿತ್ತು: ಬ್ರೌಸರ್‌ಗಳು ಹೊಸ ವಿಳಾಸಕ್ಕೆ ಹೋಗುವಾಗ ತುಂಬಿದ ಮಾಹಿತಿಯನ್ನು ಕೈಬಿಟ್ಟು ಬರಿಯ ಪುಟವನ್ನು ಕೇಳುತ್ತಿದ್ದವು. ಮಾಹಿತಿಯನ್ನು ಹಾಗೆಯೇ ಹೊತ್ತು ಸಾಗಬೇಕೆಂದು ಕಟ್ಟುಮಾಡುವ ತಾತ್ಕಾಲಿಕ ಸಂಕೇತ 307 ಜೂನ್ 1999ರ ನಿಯಮಾವಳಿಯಲ್ಲಿ ಸೇರಿತು. ಅದರ ಶಾಶ್ವತ ಜೋಡಿಯಾದ 308 ಮಾನಕವಾಗಿ ನೆಲೆಗೊಂಡದ್ದು 2015ರಲ್ಲಿ. ಇವುಗಳ ಜೊತೆಗೆ 410 ಎಂಬ ಸಂಕೇತವನ್ನೂ ತಿಳಿದಿರಬೇಕು. ಅದು ಮರುನಿರ್ದೇಶನವಲ್ಲ, ಪುಟವನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಲಾಗಿದೆ ಎಂಬ ನೇರ ಹೇಳಿಕೆ, ಮತ್ತು ಹಲವು ಸಂದರ್ಭಗಳಲ್ಲಿ ಸುಳ್ಳು ಮರುನಿರ್ದೇಶನಕ್ಕಿಂತ ಅದೇ ಮೇಲು.

ಅಪಾಚಿ ಎಂಬ ಸರ್ವರ್ ತಂತ್ರಾಂಶದಲ್ಲಿ ಮರುನಿರ್ದೇಶನದ ಕೆಲಸಕ್ಕೆಂದು ಎರಡು ಘಟಕಗಳಿವೆ. ಒಂದು ಸರಳವಾದದ್ದು, ಒಂದು ವಿಳಾಸಕ್ಕೆ ಇನ್ನೊಂದು ಎಂದು ಬರೆದರೆ ಸಾಕು. ಇನ್ನೊಂದು ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ರೂಪಿಸಿದ ಮಾಡ್-ರೀರೈಟ್, ಅದರಲ್ಲಿ ನಮೂನೆಗಳನ್ನು ಬರೆದು ಸಾವಿರಾರು ವಿಳಾಸಗಳನ್ನು ಒಂದೇ ಸಾಲಿನಲ್ಲಿ ಹಿಡಿಯಬಹುದು. ಎಂಜಿನ್‌ಎಕ್ಸ್ ಸರ್ವರ್‌ನಲ್ಲೂ ಇದಕ್ಕೆ ಸಮಾನವಾದ ಆಜ್ಞೆಗಳಿವೆ. ವರ್ಡ್‌ಪ್ರೆಸ್ ತಂತ್ರಾಂಶವು ಪ್ರಕಟವಾದ ಲೇಖನದ ವಿಳಾಸದ ಕೊನೆಯ ತುಂಡನ್ನು ಬದಲಿಸಿದಾಗ ಹಳೆಯ ತುಂಡನ್ನು ನೆನಪಿಟ್ಟುಕೊಂಡು ತಾನೇ 301 ಕಳುಹಿಸುತ್ತದೆ. ಸರ್ವರ್ ತಮ್ಮ ಹಿಡಿತದಲ್ಲಿ ಇಲ್ಲದವರು ಪುಟದೊಳಗೆಯೇ ಮೆಟಾ ರಿಫ್ರೆಶ್ ಎಂಬ ಸೂಚನೆ ಬರೆಯುವುದುಂಟು. ಗೂಗಲ್ ಸೊನ್ನೆ ಸೆಕೆಂಡಿನ ಸೂಚನೆಯನ್ನು ಶಾಶ್ವತವೆಂದೂ ತಡವಾಗಿ ಸಾಗಿಸುವ ಸೂಚನೆಯನ್ನು ತಾತ್ಕಾಲಿಕವೆಂದೂ ಪರಿಗಣಿಸುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಸಾಗಿಸುವುದು ಕಡೆಯ ಉಪಾಯ, ಏಕೆಂದರೆ ಕ್ರಾಲರ್ ಆ ಸ್ಕ್ರಿಪ್ಟನ್ನು ನಡೆಸಿ ನೋಡಿದರೆ ಮಾತ್ರ ಅದು ಗೋಚರಿಸುತ್ತದೆ. ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರುವ ಭಾಗ ಸರ್ವರ್‌ವರೆಗೆ ತಲುಪುವುದೇ ಇಲ್ಲವಾದ್ದರಿಂದ ಆ ಭಾಗವನ್ನು ನೋಡಿ ಸರ್ವರ್ ಮರುನಿರ್ದೇಶನ ಮಾಡುವುದು ಸಾಧ್ಯವಿಲ್ಲ.

ಶೋಧಯಂತ್ರಗಳ ಗ್ರಹಿಕೆ

ಶಾಶ್ವತ ಮರುನಿರ್ದೇಶನವನ್ನು ಕಂಡಾಗ ಗೂಗಲ್ ಹೊಸ ವಿಳಾಸವನ್ನೇ ಅಧಿಕೃತವೆಂದು ಗಣಿಸಲು ಅದನ್ನು ಬಲವಾದ ಸುಳಿವಾಗಿ ಬಳಸುತ್ತದೆ. ತಾತ್ಕಾಲಿಕವಾದದ್ದು ದುರ್ಬಲ ಸುಳಿವು, ಫಲಿತಾಂಶಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿಯುವ ಸಂಭವ ಹೆಚ್ಚು. ಒಂದೇ ಬರಹ ಹಲವು ವಿಳಾಸಗಳಲ್ಲಿ ದೊರೆಯುವಾಗ ಅವುಗಳಲ್ಲಿ ಸೂಚಿಗೆ ಸೇರಬೇಕಾದದ್ದು ಯಾವುದೆಂದು ಪುಟದ ತಲೆಭಾಗದಲ್ಲಿ ಗುರುತಿಸುವ ‘ಕೆನಾನಿಕಲ್’ ಎಂಬ ಕೊಂಡಿಯನ್ನು ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಫೆಬ್ರವರಿ 2009ರಲ್ಲಿ ಒಟ್ಟಾಗಿ ಜಾರಿಗೆ ತಂದವು. ಅದು ಸಲಹೆಯಷ್ಟೇ ಆಗಿದ್ದು, ಓದುಗರನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲವಾದ್ದರಿಂದ ಸ್ಥಳಾಂತರದಲ್ಲಿ ಮರುನಿರ್ದೇಶನಕ್ಕೆ ಬದಲಿಯಾಗಲಾರದು.

ಮರುನಿರ್ದೇಶನವನ್ನು ದಾಟುವಾಗ ಪುಟದ ತೂಕದಲ್ಲಿ ಒಂದಿಷ್ಟು ಸೋರಿಹೋಗುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ವೃತ್ತಿನಿರತರನ್ನು ಕಾಡಿತ್ತು. ಗೂಗಲ್‌ನ ಮ್ಯಾಟ್ ಕಟ್ಸ್ 2013ರಲ್ಲಿ, ಸಾಮಾನ್ಯ ಕೊಂಡಿಯೊಂದನ್ನು ದಾಟುವಾಗ ಇಳಿಯುವಷ್ಟೇ ತೂಕ 301ನ್ನು ದಾಟುವಾಗಲೂ ಇಳಿಯುತ್ತದೆಂದು ವಿವರಿಸಿದರು. ಅದೇ ಸಂಸ್ಥೆಯ ಗ್ಯಾರಿ ಈಲ್ಯೇಶ್ ಜುಲೈ 2016ರಲ್ಲಿ, 30ರ ಸಾಲಿನ ಮರುನಿರ್ದೇಶನಗಳಿಂದ ಪೇಜ್‌ರ‍್ಯಾಂಕ್ ಇನ್ನು ಕಳೆದುಹೋಗುವುದಿಲ್ಲವೆಂದು ತಿಳಿಸಿದರು. ಈ ಬದಲಾವಣೆಗೆ ಒಂದು ಹಿನ್ನೆಲೆಯಿದೆ. ಗೂಗಲ್ ಆಗಸ್ಟ್ 2014ರಲ್ಲಿ ಎಚ್‌ಟಿಟಿಪಿಎಸ್ ಎಂಬ ಭದ್ರ ಸಂಪರ್ಕವನ್ನು ಶ್ರೇಯಾಂಕದ ಸುಳಿವುಗಳಲ್ಲೊಂದಾಗಿ ಘೋಷಿಸಿತ್ತು. ಆದರೆ ಭದ್ರ ಸಂಪರ್ಕಕ್ಕೆ ದಾಟಿದ ತಾಣದ ಪ್ರತಿಯೊಂದು ವಿಳಾಸವೂ ಮೊದಲ ಅಕ್ಷರಗಳಲ್ಲಿ ಬದಲಾಗುತ್ತದೆ, ಅಂದರೆ ತಾಣಕ್ಕೆ ತಾಣವೇ ಮರುನಿರ್ದೇಶನದ ಮೂಲಕ ಹಾದುಹೋಗಬೇಕಾಗುತ್ತದೆ. ಒಳ್ಳೆಯದನ್ನು ಮಾಡಿದವರಿಗೆ ದಂಡ ಬೀಳಬಾರದಲ್ಲವೇ! ವಿಕಿಮೀಡಿಯ ಪ್ರತಿಷ್ಠಾನವು ಜೂನ್ 2015ರಲ್ಲಿ ತನ್ನೆಲ್ಲ ತಾಣಗಳ ಓದುಗರನ್ನು ಭದ್ರ ಸಂಪರ್ಕಕ್ಕೆ ಒಯ್ಯುವುದಾಗಿ ಪ್ರಕಟಿಸಿದಾಗ, 2003ರಲ್ಲಿ ಆರಂಭವಾಗಿದ್ದ ಕನ್ನಡ ವಿಕಿಪೀಡಿಯದ ಪುಟಗಳೂ ಈ ದಾಟುವಿಕೆಗೆ ಒಳಪಟ್ಟವು. ಅದೇ ವರ್ಷದ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತ ಭದ್ರತಾ ಪ್ರಮಾಣಪತ್ರಗಳನ್ನು ಸಾರ್ವಜನಿಕರಿಗೆ ಒದಗಿಸತೊಡಗಿದ ಮೇಲೆ ಸಣ್ಣಪುಟ್ಟ ತಾಣಗಳಿಗೂ ಈ ದಾರಿ ತೆರೆಯಿತು.

ತೂಕ ಸೋರುವುದಿಲ್ಲ ಎಂಬ ಮಾತನ್ನು ಹೇಗೆ ಮಾಡಿದರೂ ನಡೆಯುತ್ತದೆ ಎಂದು ಅರ್ಥೈಸುವುದು ತಪ್ಪು. ಹೊಸ ಪುಟವು ಹಳೆಯ ಪುಟದ ವಿಷಯವನ್ನೇ ಹೇಳುತ್ತಿದ್ದರೆ ಮಾತ್ರ ಮನ್ನಣೆ ವರ್ಗವಾಗುತ್ತದೆ. ಸಾವಿರಾರು ಹಳೆಯ ವಿಳಾಸಗಳನ್ನು ಒಟ್ಟಾಗಿ ಹೊಸ ತಾಣದ ಮುಖಪುಟಕ್ಕೆ ತಿರುಗಿಸಿಬಿಡುವುದು ಎಲ್ಲೆಡೆ ಕಾಣುವ ಅಡ್ಡದಾರಿ. ಹೊಯ್ಸಳ ಶಿಲ್ಪದ ಬಗ್ಗೆ ಓದಲು ಬಂದವರು ಮುಖಪುಟದ ಮುಂದೆ ನಿಂತು ಏನು ಮಾಡಬೇಕು? ಗೂಗಲ್ ಇಂಥವುಗಳನ್ನು ‘ಸಾಫ್ಟ್ 404’ ಎಂದು, ಅಂದರೆ ಇದ್ದಂತೆ ತೋರುವ ಇಲ್ಲದ ಪುಟವೆಂದು ಗಣಿಸುವುದರಿಂದ ಆ ಮರುನಿರ್ದೇಶನ ಶ್ರೇಯಾಂಕದ ದೃಷ್ಟಿಯಿಂದಲೂ ವ್ಯರ್ಥ. ಸಮಾನವಾದ ಪುಟ ಹೊಸ ತಾಣದಲ್ಲಿ ಇಲ್ಲವಾದರೆ 404 ಅಥವಾ 410 ಎಂದು ನಿಜವನ್ನೇ ಹೇಳುವುದು ಓದುಗರಿಗೂ ಶೋಧಯಂತ್ರಕ್ಕೂ ನ್ಯಾಯವಾದ ಮಾರ್ಗ.

ಒಂದು ದೊಡ್ಡ ಸ್ಥಳಾಂತರ: ಬ್ರಿಟಿಷ್ ಸರ್ಕಾರದ ತಾಣಗಳು

ಈ ವಿಷಯದಲ್ಲಿ ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದ ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಸಂಸತ್ತಿನ ಕಲಾಪಗಳ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್‌ನಲ್ಲಿ ಸಚಿವರು ಪ್ರಶ್ನೆಗಳಿಗೆ ಉತ್ತರವಾಗಿ ಕೊಟ್ಟಿದ್ದ ಜಾಲವಿಳಾಸಗಳನ್ನು ಪರಿಶೀಲಿಸಿದಾಗ, 1997ರಿಂದ 2006ರವರೆಗಿನ ಕೊಂಡಿಗಳಲ್ಲಿ ಸುಮಾರು ಶೇ 60ರಷ್ಟು ಮುರಿದುಹೋಗಿದ್ದವು. ಜನಪ್ರತಿನಿಧಿಗೆ ಸರ್ಕಾರ ಕೊಟ್ಟ ಉತ್ತರವೇ ಕಾಣೆಯಾಗುವುದೆಂದರೆ ಅದು ಶೋಧಸ್ಥಾನಕ್ಕಿಂತ ಬಹಳ ದೊಡ್ಡ ನಷ್ಟ. ಈ ಹಿನ್ನೆಲೆಯಲ್ಲಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರವು ಸರ್ಕಾರಿ ತಾಣಗಳನ್ನು ನಿಯತವಾಗಿ ಪ್ರತಿಮಾಡಿ ಇಡುವುದರ ಜೊತೆಗೆ, ಇಲಾಖೆಯ ಸರ್ವರ್‌ನಲ್ಲಿ ಪುಟ ಸಿಗದಿದ್ದರೆ ಓದುಗರನ್ನು ಪತ್ರಾಗಾರದಲ್ಲಿರುವ ಪ್ರತಿಗೆ ಕಳುಹಿಸುವ ಮರುನಿರ್ದೇಶನದ ಘಟಕವನ್ನೂ ಇಲಾಖೆಗಳಿಗೆ ಒದಗಿಸಿತು.

ಉದ್ಯಮಿ ಮಾರ್ಥಾ ಲೇನ್ ಫಾಕ್ಸ್ ಸರ್ಕಾರಿ ತಾಣಗಳ ಬಗ್ಗೆ 2010ರಲ್ಲಿ ಸಲ್ಲಿಸಿದ ಪರಿಶೀಲನೆಯ ಫಲವಾಗಿ ಸರ್ಕಾರದ ಚದುರಿದ ತಾಣಗಳೆಲ್ಲವನ್ನೂ ಗವ್.ಯುಕೆ ಎಂಬ ಒಂದೇ ತಾಣಕ್ಕೆ ತರುವ ಕೆಲಸವನ್ನು ಸರ್ಕಾರಿ ಡಿಜಿಟಲ್ ಸೇವಾ ವಿಭಾಗ ಕೈಗೆತ್ತಿಕೊಂಡಿತು. ನಾಗರಿಕರಿಗಾಗಿ ಇದ್ದ ಡೈರೆಕ್ಟ್‌ಗವ್ ಮತ್ತು ವ್ಯಾಪಾರಿಗಳಿಗಾಗಿ ಇದ್ದ ಬಿಸಿನೆಸ್ ಲಿಂಕ್ ಎಂಬ ಎರಡು ಭಾರೀ ತಾಣಗಳು 17 ಅಕ್ಟೋಬರ್ 2012ರಂದು ಹೊಸದಕ್ಕೆ ಎಡೆಮಾಡಿಕೊಟ್ಟವು. 2014ರ ಅಂತ್ಯದ ಹೊತ್ತಿಗೆ 300ಕ್ಕೂ ಹೆಚ್ಚು ಇಲಾಖೆ ಮತ್ತು ಸಂಸ್ಥೆಗಳ ತಾಣಗಳು ಒಳಸೇರಿದ್ದವು. ಈ ಕೆಲಸದಲ್ಲಿ ಆ ವಿಭಾಗ ಅನುಸರಿಸಿದ ನಿಯಮ ಸರಳವಾದರೂ ಶ್ರಮದ್ದು: ತಿಳಿದಿರುವ ಪ್ರತಿಯೊಂದು ಹಳೆಯ ವಿಳಾಸಕ್ಕೂ ಒಂದು ನಿರ್ಧಾರ ಇರಬೇಕು. ಅದೇ ಅಗತ್ಯವನ್ನು ಪೂರೈಸುವ ಹೊಸ ಪುಟವಿದ್ದರೆ ಅಲ್ಲಿಗೆ 301. ಇಲ್ಲವಾದರೆ 410, ಆದರೆ ಬರಿಯ 410 ಅಲ್ಲ, ಪುಟ ತೆರವಾಗಿರುವುದನ್ನು ತಿಳಿಸಿ ಪತ್ರಾಗಾರದಲ್ಲಿರುವ ಪ್ರತಿಗೆ ಕೊಂಡಿ ಕೊಡುವ ಸೌಜನ್ಯದ 410. ಹಳೆಯದು ಮತ್ತು ಹೊಸದರ ಜೋಡಿಗಳನ್ನು ಬರೆಯಲು, ತಿದ್ದಲು, ಅನಂತರ ಒಂದೊಂದನ್ನೂ ಕೇಳಿನೋಡಿ ಪರೀಕ್ಷಿಸಲು ವಿಭಾಗದವರು ತಮ್ಮದೇ ಉಪಕರಣಗಳನ್ನು ಬರೆದುಕೊಂಡರು. ಯಾವ ಹಳೆಯ ಪುಟಕ್ಕೆ ಯಾವ ಹೊಸ ಪುಟ ಸಮಾನವೆಂಬ ನಿರ್ಣಯವನ್ನು ವಿಷಯ ತಿಳಿದ ಮನುಷ್ಯರೇ ಮಾಡಬೇಕಾಗುತ್ತದೆ. ಉಪಕರಣ ಆ ನಿರ್ಣಯವನ್ನು ಜಾರಿಮಾಡುತ್ತದೆ, ಅಷ್ಟೆ. ಸಾಮಾನ್ಯ ತಾಣಗಳ ಸ್ಥಳಾಂತರಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಮಯ ಸಿಗುವುದು ಈ ಹಂತಕ್ಕೇ, ಮತ್ತು ಮುಂದೆ ಕಾಣುವ ಬಹುತೇಕ ನಷ್ಟಗಳ ಬೇರು ಇಲ್ಲಿದೆ.

ವೃತ್ತಪತ್ರಿಕೆಗಳಲ್ಲಿ ಇಂಗ್ಲೆಂಡಿನ ದಿ ಗಾರ್ಡಿಯನ್ ಜುಲೈ 2013ರಲ್ಲಿ ದೇಶಸೂಚಕ ಡೊಮೇನ್ ಅನ್ನು, ಅಂದರೆ ವಿಳಾಸದಲ್ಲಿ ತಾಣವನ್ನು ಗುರುತಿಸುವ ಹೆಸರನ್ನು, ಬಿಟ್ಟು ಡಾಟ್‌ಕಾಮ್ ವಿಳಾಸಕ್ಕೆ ಹೋದದ್ದು ಇನ್ನೊಂದು ಗಮನಾರ್ಹ ನಿದರ್ಶನ. ಇಂಥ ಕಡೆ ಡೊಮೇನ್ ಮಾತ್ರ ಬದಲಾಗಿ ಅದರ ಮುಂದಿನ ದಾರಿ ಹಾಗೆಯೇ ಉಳಿಯುವುದಾದರೆ ನಿಯಮ ಬರೆಯುವುದು ಬಹಳ ಸುಲಭ. ಡೊಮೇನ್, ವಿಂಗಡಣೆ, ವಿನ್ಯಾಸ, ಬರಹ ಎಲ್ಲವನ್ನೂ ಒಂದೇ ದಿನ ಬದಲಿಸುವವರು ಅನಂತರ ಸ್ಥಾನ ಕುಸಿದರೆ ಅದಕ್ಕೆ ಯಾವುದು ಕಾರಣವೆಂದು ಪತ್ತೆಹಚ್ಚಲಾರರು.

ಕನ್ನಡ ಲಿಪಿಯ ವಿಳಾಸಗಳು

ಕನ್ನಡ ತಾಣಗಳಿಗೆ ಈ ವಿಷಯದಲ್ಲಿ ಇಂಗ್ಲಿಷ್ ತಾಣಗಳಿಗಿಲ್ಲದ ಕೆಲವು ತೊಡಕುಗಳಿವೆ, ಮತ್ತು ಇವುಗಳ ಬಗ್ಗೆ ಸಾಮಾನ್ಯ ಕೈಪಿಡಿಗಳಲ್ಲಿ ಏನೂ ಸಿಗುವುದಿಲ್ಲ. ಜಾಲವಿಳಾಸದ ಮೂಲ ನಿಯಮದಂತೆ ಅದರಲ್ಲಿ ರೋಮನ್ ಅಕ್ಷರ, ಅಂಕೆ ಮತ್ತು ಕೆಲವೇ ಚಿಹ್ನೆಗಳಿಗೆ ಅವಕಾಶ. ಕನ್ನಡದ ಪ್ರತಿಯೊಂದು ಯೂನಿಕೋಡ್ ಅಂಶವೂ, ಎಂದರೆ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ವಿರಾಮ ಇವುಗಳಲ್ಲಿ ಒಂದೊಂದೂ, ಯುಟಿಎಫ್-8 ಸಂಕೇತದಲ್ಲಿ 3 ಬೈಟುಗಳನ್ನು ಹಿಡಿಯುತ್ತದೆ. ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಾಗಿ ಬಿಡಿಸಿ ಬರೆಯುವುದರಿಂದ 9 ಚಿಹ್ನೆಗಳಾಗುತ್ತವೆ. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯೂನಿಕೋಡ್ ಅಂಶಗಳು 5. ವಿಳಾಸದಲ್ಲಿ ಅದು 45 ಚಿಹ್ನೆಗಳ ಸಾಲು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಯಾರಿಸುವ ವಿಳಾಸತುಂಡಿಗೆ 200 ಚಿಹ್ನೆಗಳ ಮಿತಿ ಹಾಕುತ್ತದೆಯಾದ್ದರಿಂದ ಕನ್ನಡ ಶೀರ್ಷಿಕೆಯಿಂದ ಸುಮಾರು 22 ಅಂಶಗಳಷ್ಟೇ ಉಳಿದು ಮಿಕ್ಕದ್ದು ಕತ್ತರಿಸಿಹೋಗುತ್ತದೆ, ಕೆಲವೊಮ್ಮೆ ಪದದ ನಡುವೆಯೇ. ಒಂದೇ ಮಾತಿನಿಂದ ಆರಂಭವಾಗುವ ಅಂಕಣದ ಹಲವು ಕಂತುಗಳು ಹೀಗೆ ಒಂದೇ ತುಂಡಿಗೆ ಇಳಿದು, ಅವುಗಳ ಕೊನೆಯಲ್ಲಿ 2, 3 ಎಂಬ ಅಂಕೆಗಳು ಸೇರಿಕೊಳ್ಳುತ್ತವೆ. ಮುಂದೆ ಇನ್ನೊಂದು ತಂತ್ರಾಂಶಕ್ಕೆ ದಾಟುವಾಗ ಶೀರ್ಷಿಕೆಯನ್ನು ನೋಡಿ ಹಳೆಯ ವಿಳಾಸವನ್ನು ಊಹಿಸುವುದು ಅಸಾಧ್ಯವಾಗುವುದರಿಂದ, ದತ್ತಸಂಚಯದಲ್ಲಿರುವ ನಿಜವಾದ ತುಂಡುಗಳ ಪಟ್ಟಿಯನ್ನು ತೆಗೆದಿಟ್ಟುಕೊಳ್ಳದ ಹೊರತು ಹೊಂದಾಣಿಕೆ ಆಗದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ಯೂನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು, ‘ಕೊ’ ಎಂಬಲ್ಲಿರುವಂಥದನ್ನು, ಒಂದೇ ಅಂಶವಾಗಿ ಬರೆಯಬಹುದು. ಎತ್ವ ಮತ್ತು ಊಕಾರಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಈಕಾರ, ಏತ್ವ, ಐತ್ವ, ಓತ್ವಗಳಿಗೂ ಇಂಥ ಇಬ್ಬಗೆಯ ರೂಪಗಳಿವೆ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಸರ್ವರ್‌ಗೆ ಅವು ಬೇರೆ ಬೇರೆ ವಿಳಾಸಗಳು. ಅರ್ಕಾವತ್ತಿನ ಬದಲು ರಕಾರವನ್ನೇ ಉಳಿಸಿಕೊಳ್ಳಲು ಅಥವಾ ಒತ್ತಕ್ಷರವಾಗದಂತೆ ತಡೆಯಲು ನಡುವೆ ಸೇರಿಸುವ ಅದೃಶ್ಯ ಸಂಯೋಜಕ ಮತ್ತು ವಿಯೋಜಕ ಚಿಹ್ನೆಗಳದ್ದೂ ಇದೇ ಕಥೆ. ಸಂಪಾದಕರೊಬ್ಬರು ಬೇರೊಂದು ಕೀಲಿಮಣೆ ವಿನ್ಯಾಸದಲ್ಲಿ ಹಳೆಯ ವಿಳಾಸವನ್ನು ಟೈಪಿಸಿ ಮರುನಿರ್ದೇಶನದ ನಿಯಮ ಬರೆದರೆ ಅದು ಹೊಂದಿಕೆಯಾಗದೆ ಹೋಗಬಹುದು, ಮತ್ತು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಎಷ್ಟು ಹೊತ್ತು ನೋಡಿದರೂ ವ್ಯತ್ಯಾಸ ತಿಳಿಯದು. ಹೋಲಿಸುವ ಮೊದಲು ಎರಡೂ ಕಡೆಯ ಅಕ್ಷರಗಳನ್ನು ಯೂನಿಕೋಡ್‌ನ ಸಾಮಾನ್ಯೀಕರಿಸಿದ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶ ಇದನ್ನು ತಾನಾಗಿಯೇ ಮಾಡುತ್ತದೆ.

ಅದೇ ತಂತ್ರಾಂಶದ ಪುನರ್ನಿರ್ದೇಶನ ಪುಟವನ್ನು ಇಲ್ಲಿ ಹೇಳಿದ 301ರೊಂದಿಗೆ ಬೆರೆಸಬಾರದು. ಒಂದು ಊರಿಗೆ ಅಥವಾ ಒಬ್ಬ ಕವಿಗೆ ಇರುವ ಹಲವು ಹೆಸರುಗಳಲ್ಲಿ ಯಾವುದನ್ನು ಹಿಡಿದು ಬಂದರೂ ಒಂದೇ ಲೇಖನ ಸಿಗುವಂತೆ ವಿಕಿಪೀಡಿಯ ಸಂಪಾದಕರು ಇವುಗಳನ್ನು ರಚಿಸುತ್ತಾರೆ. ಸರ್ವರ್ ಆಗ ಬೇರೆಡೆಗೆ ಕಳುಹಿಸದೆ ಮುಖ್ಯ ಲೇಖನವನ್ನೇ 200 ಸಂಕೇತದೊಂದಿಗೆ ಕೊಟ್ಟು, ಅಧಿಕೃತ ವಿಳಾಸವನ್ನು ಕೆನಾನಿಕಲ್ ಕೊಂಡಿಯಿಂದ ಸೂಚಿಸುತ್ತದೆ.

ಊರ ಹೆಸರುಗಳ ಪ್ರಶ್ನೆ ಕರ್ನಾಟಕದಲ್ಲಿ 1 ನವೆಂಬರ್ 2014ರಂದು ಸ್ಪಷ್ಟವಾಗಿ ಎದುರಾಯಿತು. ಅಂದು ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಶಿವಮೊಗ್ಗ ಸೇರಿದಂತೆ 12 ನಗರಗಳ ಅಧಿಕೃತ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾಯಿತು. ರೋಮನ್ ಲಿಪಿಯ ವಿಳಾಸಗಳಲ್ಲಿ ಹಳೆಯ ಕಾಗುಣಿತವನ್ನು ಹೊಂದಿದ್ದ ತಾಣಗಳು ಹೊಸದಕ್ಕೆ ದಾಟುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ನಿಭಾಯಿಸಬೇಕಾಗುತ್ತದೆ: ಹಳೆಯ ವಿಳಾಸಗಳಿಗೆ 301 ಬೇಕು, ಜೊತೆಗೆ, ಜನರು ಹಳೆಯ ಕಾಗುಣಿತದಲ್ಲಿ ಹುಡುಕುವುದನ್ನು ಒಂದೇ ದಿನಕ್ಕೆ ನಿಲ್ಲಿಸುವುದಿಲ್ಲವಾದ್ದರಿಂದ ಪುಟದ ಬರಹದಲ್ಲಿ ಹಳೆಯ ಹೆಸರಿನ ಉಲ್ಲೇಖವೂ ಉಳಿಯಬೇಕು. ಕನ್ನಡವನ್ನು ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟುಗಳ ಸಂಕೇತದಲ್ಲಿ ಪ್ರಕಟಿಸುತ್ತಿದ್ದ ಕಾಲದ ಪುಟಗಳ ವಿಷಯ ಇನ್ನೂ ಬೇರೆ. ಅವುಗಳ ಬರಹ ಶೋಧಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು, ಆದ್ದರಿಂದ ಕಾಪಾಡಬೇಕಾದ ಸ್ಥಾನವೇ ಅವಕ್ಕೆ ಇರಲಿಲ್ಲ. ಆದರೆ ಅವುಗಳಿಗೂ ಓದುಗರು ಕೊಂಡಿ ಕೊಟ್ಟಿದ್ದರು. ಅಂಥ ಪುಟವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಹಳೆಯ ವಿಳಾಸದಿಂದ ಮರುನಿರ್ದೇಶಿಸಿದರೆ ಆ ಬರಹ ಮೊದಲ ಬಾರಿಗೆ ಹುಡುಕಿದವರ ಕಣ್ಣಿಗೆ ಬೀಳುತ್ತದೆ.

ಕಾರ್ಯವಿಧಾನದ ಕೆಲವು ಅಂಶಗಳು

ಸ್ಥಳಾಂತರಕ್ಕೆ ಮುನ್ನ ಹಳೆಯ ವಿಳಾಸಗಳ ಪಟ್ಟಿ ಸಿದ್ಧವಾಗಬೇಕು. ತಾಣದ ಈಗಿನ ಕೊಂಡಿಗಳನ್ನು ಹಿಡಿದು ಹೋದರೆ ಸಿಗುವುದು ಅದರ ಒಂದು ಭಾಗ ಮಾತ್ರ. ಹಿಂದೊಮ್ಮೆ ಇದ್ದು ಈಗ ಒಳಗಿನಿಂದ ಯಾರೂ ತೋರಿಸದ, ಆದರೆ ಹೊರಗಿನವರು ಇನ್ನೂ ಬರುತ್ತಿರುವ ಪುಟಗಳು ಸರ್ವರ್‌ನ ದಾಖಲೆಗಳಲ್ಲಿ ಸಿಗುತ್ತವೆ. ಚಿತ್ರಗಳು ಮತ್ತು ಪಿಡಿಎಫ್ ಕಡತಗಳಿಗೂ ವಿಳಾಸಗಳಿವೆ, ಅವುಗಳಿಗೂ ಕೊಂಡಿಗಳಿವೆ ಎಂಬುದು ಬಹಳ ಸಲ ಮರೆತುಹೋಗುತ್ತದೆ. ನಿಯಮಗಳು ಜಾರಿಯಾದ ಮೇಲೆ ತಾಣದೊಳಗಿನ ಕೊಂಡಿಗಳನ್ನು, ಶೋಧಯಂತ್ರಗಳಿಗಾಗಿ ತಾಣದ ವಿಳಾಸಗಳನ್ನು ಪಟ್ಟಿಮಾಡುವ ತಾಣನಕ್ಷೆಯನ್ನು, ಕೆನಾನಿಕಲ್ ಕೊಂಡಿಗಳನ್ನು ನೇರವಾಗಿ ಹೊಸ ವಿಳಾಸಗಳಿಗೆ ತಿದ್ದಬೇಕು. ಕ್ರಾಲರ್ ಎಲ್ಲಿಗೆ ಬರಬಾರದೆಂದು ತಿಳಿಸುವ ರೋಬಾಟ್ಸ್ ಕಡತದಲ್ಲಿ ಹಳೆಯ ವಿಳಾಸಗಳನ್ನು ನಿರ್ಬಂಧಿಸಿಬಿಡುವುದು ಸದುದ್ದೇಶದಿಂದ ಆಗುವ ತಪ್ಪು, ಏಕೆಂದರೆ ಕ್ರಾಲರ್ ಒಳಗೆ ಬರಲಾಗದಿದ್ದರೆ ಅದಕ್ಕೆ ಮರುನಿರ್ದೇಶನವೇ ಕಾಣುವುದಿಲ್ಲ.

ಹಲವು ಬಾರಿ ಸ್ಥಳಾಂತರಗೊಂಡ ತಾಣದಲ್ಲಿ ಮೊದಲ ವಿಳಾಸ ಎರಡನೆಯದಕ್ಕೂ ಎರಡನೆಯದು ಮೂರನೆಯದಕ್ಕೂ ಕಳುಹಿಸುವ ಸರಪಣಿ ಬೆಳೆಯುತ್ತದೆ. ಗೂಗಲ್‌ನ ಕ್ರಾಲರ್ 10 ಹೆಜ್ಜೆಗಳವರೆಗೆ ಹಿಂಬಾಲಿಸುತ್ತದೆಯಾದರೂ ಸರಪಣಿ ಮೂರು ಹೆಜ್ಜೆಗಳನ್ನು ಮೀರದಿರುವುದು ಒಳ್ಳೆಯದೆಂಬುದು ಅದರ ಸಲಹೆ. ಪ್ರತಿ ಹೆಜ್ಜೆಯೂ ಮೊಬೈಲ್ ಸಂಪರ್ಕದಲ್ಲಿ ಓದುವವರಿಗೆ ತಡವೇ. ಹೊಸ ನಿಯಮ ಬರೆಯುವಾಗ ಹಳೆಯ ನಿಯಮಗಳ ಗುರಿಯನ್ನೂ ತಿದ್ದಿದರೆ ಸರಪಣಿ ಕಟ್ಟಿಕೊಳ್ಳುವುದಿಲ್ಲ. ಎರಡು ವಿಳಾಸಗಳು ಒಂದನ್ನೊಂದು ತೋರಿಸುತ್ತ ಕುಳಿತರೆ ಸುತ್ತು ಬೀಳುತ್ತದೆ, ಕೆಲವು ಸುತ್ತುಗಳ ನಂತರ ಬ್ರೌಸರ್ ಸೋತು ದೋಷಸೂಚನೆ ತೋರಿಸುತ್ತದೆ. 301ನ್ನು ಬ್ರೌಸರ್‌ಗಳು ದೀರ್ಘಕಾಲ ನೆನಪಿಟ್ಟುಕೊಳ್ಳುವುದರಿಂದ ತಪ್ಪಾಗಿ ಬರೆದ ಶಾಶ್ವತ ನಿಯಮವನ್ನು ಸರ್ವರ್‌ನಲ್ಲಿ ತಿದ್ದಿದ ಬಳಿಕವೂ ಕೆಲವು ಓದುಗರು ತಪ್ಪು ಜಾಗಕ್ಕೇ ಹೋಗುತ್ತಿರಬಹುದು. ಮೊದಲು ಕೆಲದಿನ 302 ಇಟ್ಟು ಪರೀಕ್ಷಿಸಿ ಅನಂತರ 301ಕ್ಕೆ ಬದಲಿಸುವ ರೂಢಿ ಈ ಕಾರಣಕ್ಕೆ ಬಂದದ್ದು.

ಡೊಮೇನ್ ಬದಲಾದಾಗ ತಾಣದ ಒಡೆಯರಿಗಾಗಿ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್‌ನಲ್ಲಿರುವ ವಿಳಾಸ ಬದಲಾವಣೆಯ ಸಾಧನದ ಮೂಲಕ ತಿಳಿಸಬಹುದು, ಆ ಸೂಚನೆ 180 ದಿನಗಳ ಕಾಲ ಚಾಲ್ತಿಯಲ್ಲಿರುತ್ತದೆ. ಮೈಕ್ರೋಸಾಫ್ಟ್ ಬಿಂಗ್ ಮತ್ತು ಯಾಂಡೆಕ್ಸ್ ಅಕ್ಟೋಬರ್ 2021ರಲ್ಲಿ ಆರಂಭಿಸಿದ ಇಂಡೆಕ್ಸ್‌ನೌ ವ್ಯವಸ್ಥೆಯಲ್ಲಿ ಬದಲಾದ ವಿಳಾಸಗಳನ್ನು ಕೂಡಲೇ ತಿಳಿಸುವ ಅನುಕೂಲವಿದೆ. ಇಷ್ಟೆಲ್ಲ ಮಾಡಿದರೂ ಮಧ್ಯಮ ಗಾತ್ರದ ತಾಣದ ಬಹುತೇಕ ಪುಟಗಳು ಸೂಚಿಯಲ್ಲಿ ಬದಲಾಗಲು ಕೆಲವು ವಾರಗಳು ಹಿಡಿಯುತ್ತವೆ, ಆ ಅವಧಿಯಲ್ಲಿ ಸ್ಥಾನಗಳು ಏರಿಳಿಯುವುದು ಸಾಮಾನ್ಯ.

ದುರುಪಯೋಗ ಮತ್ತು ಬಾಳಿಕೆ

ಮನ್ನಣೆಯನ್ನು ಸಾಗಿಸಬಲ್ಲ ಸಾಧನ ವಂಚನೆಗೂ ಒದಗುತ್ತದೆ. ಕ್ರಾಲರ್‌ಗೆ ಒಂದು ಪುಟ ತೋರಿಸಿ ಓದುಗರನ್ನು ಜಾವಾಸ್ಕ್ರಿಪ್ಟ್ ಮೂಲಕ ಇನ್ನೊಂದಕ್ಕೆ ಸಾಗಿಸುವ ಬಾಗಿಲುಪುಟಗಳ ಕಾರಣಕ್ಕೆ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ತಾಣವನ್ನು ಗೂಗಲ್ ಫೆಬ್ರವರಿ 2006ರಲ್ಲಿ ತನ್ನ ಸೂಚಿಯಿಂದ ಕೆಲಕಾಲ ತೆಗೆದುಹಾಕಿತ್ತು. ನವೀಕರಣವಾಗದೆ ಬಿಟ್ಟುಹೋದ ಡೊಮೇನ್‌ಗಳನ್ನು ಅವುಗಳ ಹಳೆಯ ಕೊಂಡಿಗಳಿಗಾಗಿಯೇ ಕೊಂಡು ಸಂಬಂಧವಿಲ್ಲದ ವಿಷಯಕ್ಕೆ ಬಳಸುವುದನ್ನು ಅದೇ ಸಂಸ್ಥೆ ಮಾರ್ಚ್ 2024ರ ನೀತಿಯಲ್ಲಿ ದುರುಪಯೋಗವೆಂದು ಹೆಸರಿಸಿತು. ಶಾಲೆಯೊಂದರ ಅಥವಾ ಸಾಹಿತ್ಯ ಸಂಘವೊಂದರ ಹಳೆಯ ವಿಳಾಸ ಜೂಜಿನ ಜಾಹೀರಾತಿಗೆ ತೆರೆದುಕೊಳ್ಳುವ ದುರವಸ್ಥೆ ಉಂಟಾಗುವುದು ಹೀಗೆ.

ಮರುನಿರ್ದೇಶನವನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಗೂಗಲ್ ಕನಿಷ್ಠ ಒಂದು ವರ್ಷ ಎನ್ನುತ್ತದೆ. ಶೋಧಯಂತ್ರದ ದೃಷ್ಟಿಯಿಂದ ಅದು ಸಾಕಾಗಬಹುದು. ಅಚ್ಚಾದ ಪುಸ್ತಕದಲ್ಲಿ, ಪ್ರೌಢಪ್ರಬಂಧದಲ್ಲಿ, ತೀರ್ಪಿನಲ್ಲಿ ಇರುವ ವಿಳಾಸಕ್ಕೆ ಒಂದು ವರ್ಷ ಏನೇನೂ ಅಲ್ಲ. ಮನೆ ಬದಲಿಸಿದವರ ಕಾಗದಗಳನ್ನು ಅಂಚೆ ಇಲಾಖೆ ಹೊಸ ಮನೆಗೆ ಮುಟ್ಟಿಸುತ್ತದೆ, ಹಳೆಯ ಮನೆ ಯಾರದಾದರೂ ಆಗಿರಲಿ. ಜಾಲದಲ್ಲಿ ಅಂಥ ಮೂರನೆಯವರಿಲ್ಲ; ಹಳೆಯ ಡೊಮೇನ್‌ನ ಶುಲ್ಕವನ್ನು ವರ್ಷವರ್ಷವೂ ಕಟ್ಟುತ್ತ, ಅದರ ಸರ್ವರ್ ನಡೆಯುವಂತೆ ನೋಡಿಕೊಳ್ಳುತ್ತ, ಭದ್ರತಾ ಪ್ರಮಾಣಪತ್ರವನ್ನೂ ನವೀಕರಿಸುತ್ತ ಇರಬೇಕು, ಏಕೆಂದರೆ ಪ್ರಮಾಣಪತ್ರದ ಅವಧಿ ಮುಗಿದರೆ ಮರುನಿರ್ದೇಶನ ತಲುಪುವ ಮೊದಲೇ ಬ್ರೌಸರ್ ಎಚ್ಚರಿಕೆಯ ಪರದೆ ತೋರಿಸಿ ಓದುಗರನ್ನು ಹಿಂದಕ್ಕೆ ಕಳುಹಿಸುತ್ತದೆ. ಮರುನಿರ್ದೇಶನವನ್ನೇ ಸೇವೆಯಾಗಿ ಒದಗಿಸುವವರ ವಿಷಯದಲ್ಲಿ ಈ ಹೊಣೆ ಇನ್ನೂ ದೊಡ್ಡದು. ಗೂಗಲ್ 2009ರಲ್ಲಿ ಆರಂಭಿಸಿ 2019ರಲ್ಲಿ ಹೊಸ ಕೊಂಡಿಗಳಿಗೆ ಮುಚ್ಚಿದ ಕಿರುವಿಳಾಸ ಸೇವೆಯ ಹಳೆಯ ಕೊಂಡಿಗಳನ್ನು ಆಗಸ್ಟ್ 2025ರಿಂದ ಪೂರ್ತಿಯಾಗಿ ನಿಲ್ಲಿಸಲು ತೀರ್ಮಾನಿಸಿ, ಅವು ಅಸಂಖ್ಯ ದಾಖಲೆಗಳಲ್ಲಿ ಸೇರಿಹೋಗಿರುವುದನ್ನು ಮನಗಂಡು, ಬಳಕೆಯಲ್ಲಿರುವ ಕೊಂಡಿಗಳನ್ನು ಉಳಿಸಿಕೊಳ್ಳಲು ಒಪ್ಪಿತು. ಗ್ರಂಥಾಲಯಗಳ ಲೋಕ ಈ ಅಪಾಯವನ್ನು ಮೊದಲೇ ಕಂಡಿತ್ತು. ಓಸಿಎಲ್‌ಸಿ ಎಂಬ ಗ್ರಂಥಾಲಯ ಸಹಕಾರ ಸಂಸ್ಥೆ 1995ರಲ್ಲಿ ಪರ್ಲ್ ಎಂಬ ಸ್ಥಿರವಿಳಾಸ ವ್ಯವಸ್ಥೆಯನ್ನು ಕಟ್ಟಿತು. ಅದರಲ್ಲಿ ಓದುಗರಿಗೆ ಕೊಡುವ ವಿಳಾಸ ಎಂದೂ ಬದಲಾಗದು, ಅದು ತೋರಿಸುವ ಗುರಿಯನ್ನು ಮಾತ್ರ ಬೇಕೆಂದಾಗ ತಿದ್ದಬಹುದು. ವಿದ್ವತ್ ಪತ್ರಿಕೆಗಳ ಲೇಖನಗಳಿಗೆ ಕೊಡುವ ಡಿಓಐ ಸಂಖ್ಯೆಯೂ ಇದೇ ತತ್ತ್ವದ ಮೇಲೆ ನಿಂತಿದೆ: ಪ್ರಕಾಶಕರು ಬದಲಾದರೂ, ತಾಣ ಬದಲಾದರೂ, ಸಂಖ್ಯೆಯನ್ನು ಒತ್ತಿದವರು ಮರುನಿರ್ದೇಶನದ ಮೂಲಕ ಲೇಖನ ಸದ್ಯ ಇರುವಲ್ಲಿಗೆ ತಲುಪುತ್ತಾರೆ. 2016ರಲ್ಲಿ ಪರ್ಲ್ ವ್ಯವಸ್ಥೆಯ ನಿರ್ವಹಣೆ ಓಸಿಎಲ್‌ಸಿಯಿಂದ ಇಂಟರ್ನೆಟ್ ಆರ್ಕೈವ್ ಸಂಸ್ಥೆಗೆ ವರ್ಗವಾಯಿತು. ಒಡೆತನ ಬದಲಾದಾಗಲೂ ಅದರ ವಿಳಾಸಗಳು ಬದಲಾಗಲಿಲ್ಲ.